ಸಲಿಕೆ ಹಿಡಿದ ಸಿಪಾಯಿ

(ನಮ್ಮ ಊರಿನ ಸಿನಿಮಾ ಗೆಳೆಯರ ಭಾನುವಾರದ ಸಭೆಯಲ್ಲಿ ಆಡಿದ ಮಾತು. ಹಿಂದಿನ ಸಂಜೆ ಎಲ್ಲರೂ ಒಟ್ಟಿಗೆ ಸಿನಿಮಾ ನೋಡಿದ್ದೆವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಸಮಯ ಸಾಲದೆ ಬಿಟ್ಟಿದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿನ್ನೆ ಸಿನಿಮಾ ಮುಗಿದು ಲೈಟ್ ಹಾಕಿದಾಗ ಯಾರೂ ತಕ್ಷಣ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, 'ಅಲ್ಲಾ, ಇದನ್ನ ತೆಗೆದಿದ್ದು ಅಮೆರಿಕದವನಾ?' ಅಂದರು. ಹೌದು ಸಾರ್, ಅಮೆರಿಕದವರೇ. ಅದೂ ಯಾರು? ಒಂದು ಕಾಲದಲ್ಲಿ ಬಾಯಲ್ಲಿ ಚುಟ್ಟಾ ಕಚ್ಚಿಕೊಂಡು, ಕಣ್ಣು ಕಿರಿದು ಮಾಡಿ, ಮಾತಿಗೆ ಮುಂಚೆ ಗುಂಡು ಹಾರಿಸುತ್ತಿದ್ದ ಕ್ಲಿಂಟ್ ಈಸ್ಟ್‌ವುಡ್. 2006ರ ಡಿಸೆಂಬರ್‌ನಲ್ಲಿ 'ಲೆಟರ್ಸ್ ಫ್ರಮ್ ಐವೊ ಜಿಮಾ' ಬಿಡುಗಡೆಯಾದಾಗ ಅವರಿಗೆ 76 ವರ್ಷ. ಜಪಾನಿ ಭಾಷೆ ಬರುತ್ತಿರಲಿಲ್ಲ. ಸಿನಿಮಾ ಹೆಚ್ಚುಕಮ್ಮಿ ಪೂರ್ತಿ ಜಪಾನಿಯಲ್ಲೇ ಇದೆ.

'ಶತ್ರುವೂ ಮನುಷ್ಯನೇ' ಅಂತ ಒಂದು ಮಾತು ಹೇಳಿ ನಾನು ಕೂತುಬಿಡಬಹುದು. ಅಷ್ಟು ನಿಮಗೆ ನಿನ್ನೆಯೇ ಗೊತ್ತಾಗಿದೆ. ಅದಕ್ಕೆ ನನ್ನ ಭಾಷಣ ಬೇಕಿಲ್ಲ. ನಾನು ಇವತ್ತು ಈ ಸಿನಿಮಾದಲ್ಲಿರುವ ಒಂದು ಸಾಮಾನಿನ ಬಗ್ಗೆ ಮಾತಾಡುತ್ತೇನೆ. ಬಂದೂಕಲ್ಲ, ಕತ್ತಿಯಲ್ಲ. ಸಲಿಕೆ. ನಮ್ಮಲ್ಲಿ ಕೆಲವರು ಸನಿಕೆ ಅನ್ನುತ್ತಾರೆ, ಅದೇ. ಮಣ್ಣು ಎತ್ತಿ ಹಾಕುವ ಸಾಮಾನು.

ಮೊದಲು ಜಾಗದ ವಿಷಯ. ಐವೊ ಜಿಮಾ ಅಂದರೆ ಗಂಧಕದ ದ್ವೀಪ. ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 1,200 ಕಿಲೋಮೀಟರ್. ಆಗ ಇಡೀ ದ್ವೀಪ 20 ಚದರ ಕಿಲೋಮೀಟರ್ ಚಿಲ್ಲರೆ. ಒಂದು ಮೂಲೆಯಲ್ಲಿ ಸುರಿಬಾಚಿ ಅನ್ನುವ ಗುಡ್ಡ. ಹೊಳೆ ಇಲ್ಲ, ಸಿಹಿನೀರಿನ ಬಾವಿ ಇಲ್ಲ, ಮಳೆ ನೀರೇ ಗತಿ. ನೆಲ ತೋಡಿದರೆ ಬಿಸಿ ಆವಿ, ಕೊಳೆತ ಮೊಟ್ಟೆಯ ವಾಸನೆ. ಎರಡನೇ ಮಹಾಯುದ್ಧದಲ್ಲಿ ಇಂಥ ಜಾಗಕ್ಕೆ ಯಾಕೆ ಅಷ್ಟು ಬಡಿದಾಟ ಅಂದರೆ, ಮರಿಯಾನಾ ದ್ವೀಪಗಳಿಂದ ಟೋಕಿಯೊ ಮೇಲೆ ಬಾಂಬ್ ಹಾಕಲು ಹೊರಟ ಅಮೆರಿಕದ ಬಿ-29 ವಿಮಾನಗಳಿಗೆ ಇದು ಸರಿಯಾಗಿ ಅರ್ಧ ದಾರಿ. ಅಲ್ಲಿ ವಿಮಾನ ಇಳಿಸುವ ಮೈದಾನಗಳಿದ್ದವು. ಅಷ್ಟೇ ಕಾರಣ.

1945ರ ಫೆಬ್ರವರಿ 19ಕ್ಕೆ ಅಮೆರಿಕದ ಸೈನಿಕರು ಅಲ್ಲಿ ಕಾಲಿಟ್ಟರು. ಒಂದು ವಾರದೊಳಗೆ ಮುಗಿಯುತ್ತದೆ ಅಂದುಕೊಂಡಿದ್ದರು. ಮಾರ್ಚ್ 26ರವರೆಗೆ ನಡೆಯಿತು. ದ್ವೀಪದಲ್ಲಿದ್ದ ಜಪಾನಿ ಸೈನಿಕರು ಸುಮಾರು 21,000. ಯುದ್ಧ ನಡೆಯುವಾಗ ಜೀವಂತ ಸೆರೆ ಸಿಕ್ಕವರು 216 ಮಂದಿ. ಅಮೆರಿಕದ ಕಡೆ ಸತ್ತವರು 6,800ರಷ್ಟು. ನೀವು ನೋಡಿರುತ್ತೀರಿ, ಗುಡ್ಡದ ಮೇಲೆ ಆರು ಜನ ಸೇರಿ ಬಾವುಟ ನೆಡುತ್ತಿರುವ ಆ ಪ್ರಸಿದ್ಧ ಫೋಟೋ. ಫೆಬ್ರವರಿ 23ಕ್ಕೆ ಜೋ ರೋಸೆಂತಾಲ್ ತೆಗೆದದ್ದು. ಫೋಟೋದಲ್ಲಿದ್ದ ಆರು ಜನರಲ್ಲಿ ಮೂವರು ಆ ದ್ವೀಪದಲ್ಲೇ ಸತ್ತರು. ಆ ಬಾವುಟದ ಕತೆಯನ್ನು ಈಸ್ಟ್‌ವುಡ್ ಅದೇ ವರ್ಷ 'ಫ್ಲ್ಯಾಗ್ಸ್ ಆಫ್ ಅವರ್ ಫಾದರ್ಸ್' ಅಂತ ಬೇರೆ ಸಿನಿಮಾ ಮಾಡಿದರು. ನಾವು ನಿನ್ನೆ ನೋಡಿದ್ದು ಅದರ ಜೋಡಿ. ಒಂದರಲ್ಲಿ ಗುಡ್ಡದ ಮೇಲಿನ ಬಾವುಟ, ಇನ್ನೊಂದರಲ್ಲಿ ಗುಡ್ಡದ ಒಳಗಿನ ಜನ.

ಈಗ ಸಲಿಕೆಗೆ ಬರೋಣ. ಸಿನಿಮಾ ಶುರುವಾಗುವುದೇ ಅಗೆಯುವುದರಿಂದ, ನೆನಪಿದೆಯಾ? 2005ನೇ ಇಸವಿ, ಗುಹೆಯೊಳಗೆ ಕೆಲವರು ನೆಲ ಕೆದಕುತ್ತಿದ್ದಾರೆ. ಅಲ್ಲಿಂದ ಕತ್ತರಿಸಿದರೆ 1944ರ ಕಡಲತೀರ. ಸೈಗೊ ಅನ್ನುವ ಹುಡುಗ ಕಪ್ಪು ಮರಳಿನಲ್ಲಿ ಕಂದಕ ತೋಡುತ್ತಿದ್ದಾನೆ. ಮನಸ್ಸಿನಲ್ಲೇ ಹೆಂಡತಿ ಹನಾಕೊಗೆ ಕಾಗದ ಬರೆಯುತ್ತಿದ್ದಾನೆ. ದಿನವಿಡೀ ಅಗೆಯುತ್ತೇವೆ, ನನ್ನ ಗುಂಡಿ ನಾನೇ ತೋಡಿಕೊಳ್ಳುತ್ತಿದ್ದೇನಾ ಅಂತ ಕೇಳುತ್ತಾನೆ. ಆಮೇಲೆ ಪಕ್ಕದವನ ಹತ್ತಿರ ಗೊಣಗುತ್ತಾನೆ: ಈ ಹಾಳು ದ್ವೀಪವನ್ನು ಅಮೆರಿಕದವರಿಗೇ ಕೊಟ್ಟುಬಿಟ್ಟರೆ ಮನೆಗೆ ಹೋಗಬಹುದು.

ಗೊಣಗಿದ್ದು ಕ್ಯಾಪ್ಟನ್ ಕಿವಿಗೆ ಬಿದ್ದು ಏಟು ಶುರುವಾಗುತ್ತದೆ. ಆ ಹೊತ್ತಿಗೆ ಹೊಸ ಜನರಲ್ ನಡೆದುಕೊಂಡು ಬರುತ್ತಾರೆ. ತದಾಮಿಚಿ ಕುರಿಬಾಯಾಶಿ. ಏಟು ನಿಲ್ಲಿಸುತ್ತಾರೆ. ಅದರ ಜೊತೆಗೆ ತೀರದಲ್ಲಿ ಕಂದಕ ತೋಡುವುದನ್ನೂ ನಿಲ್ಲಿಸುತ್ತಾರೆ. ನನಗೆ ಇಲ್ಲಿ ನಗು ಬರುತ್ತದೆ. ಗೊಣಗಿದವನು ಹೇಳಿದ್ದೂ ಅದೇ ಅಲ್ವಾ, ಈ ಅಗೆತ ದಂಡ ಅಂತ! ಆದರೆ ಜನರಲ್ ಸಲಿಕೆ ಕೆಳಗಿಡಿ ಅನ್ನುವುದಿಲ್ಲ. ಇಲ್ಲಿ ಬೇಡ, ಗುಡ್ಡದ ಒಳಗೆ ಅಗೆಯಿರಿ ಅನ್ನುತ್ತಾರೆ.

ಇದು ಚರಿತ್ರೆಯಲ್ಲೂ ನಿಜ. ಅಲ್ಲಿವರೆಗೆ ಜಪಾನಿನ ಸೇನೆ ದ್ವೀಪಗಳಲ್ಲಿ ಹೆಚ್ಚಾಗಿ ಮಾಡುತ್ತಿದ್ದದ್ದು ಈ ಲೆಕ್ಕ: ಶತ್ರುವನ್ನು ನೀರಿನಂಚಿನಲ್ಲೇ ತಡೆಯಬೇಕು, ಆಗದಿದ್ದರೆ 'ಬಾನ್ಜಾಯ್' ಅಂತ ಕೂಗಿಕೊಂಡು ನುಗ್ಗಿ ಸಾಯಬೇಕು. ಕುರಿಬಾಯಾಶಿ ಎರಡನ್ನೂ ಬೇಡ ಅಂದರು. ಶತ್ರು ತೀರಕ್ಕೆ ಬರಲಿ, ತೀರ ತುಂಬಲಿ, ಆಮೇಲೆ ಒಳಗಿನಿಂದ ಹೊಡೆಯೋಣ ಅಂದರು. ಸುಮ್ಮನೆ ಸಾಯಬೇಡಿ, ಒಬ್ಬೊಬ್ಬರೂ ಸಾಯುವ ಮುಂಚೆ ಹತ್ತು ಜನರನ್ನು ಕೊಲ್ಲಿ ಅಂತ ಅಪ್ಪಣೆ ಮಾಡಿದರು. ಈ ಮಾತನ್ನು ಮರೆಯಬಾರದು. ಸೈನಿಕರಿಗೆ ಕೊಡುವ ಊಟವನ್ನೇ ತಾನೂ ಉಂಡ ಒಳ್ಳೆಯ ಮನುಷ್ಯ ಅವರು. ಆದರೆ ಆ ಒಳ್ಳೆಯ ಮನುಷ್ಯನ ಲೆಕ್ಕ ಇದು.

ನೆಲದಡಿ ತೋಡಿದ ಸುರಂಗ ಒಟ್ಟು 18 ಕಿಲೋಮೀಟರ್ ಆಗಿತ್ತು. ಕೆಲಸ ಹೆಚ್ಚಾಗಿ ಕೈಯಿಂದಲೇ. ಪಿಕಾಸಿ, ಸಲಿಕೆ. ಒಳಗೆ ಎಷ್ಟು ಬಿಸಿ ಅಂದರೆ ಒಂದು ಸರದಿಗೆ ಐದೋ ಹತ್ತೋ ನಿಮಿಷ ಅಗೆಯುವುದೇ ಹೆಚ್ಚು. ಗಂಧಕದ ಹೊಗೆಗೆ ತಲೆ ಸಿಡಿಯುತ್ತದೆ. ಕುಡಿಯಲು ಅಳತೆಯ ನೀರು. ಯುದ್ಧ ಶುರುವಾಗುವ ಮುಂಚೆಯೇ ಭೇದಿಗೆ ಜನ ಸಾಯುತ್ತಾರೆ. ಸೈಗೊನ ಗೆಳೆಯ ಹಾಗೇ ಹೋಗುತ್ತಾನೆ. ಯುದ್ಧದ ಸಿನಿಮಾದಲ್ಲಿ ಮೊದಲ ಸಾವು ಹೊಟ್ಟೆ ಕೆಟ್ಟು ಆಗುವುದನ್ನು ಎಷ್ಟು ಸಲ ನೋಡಿದ್ದೀರಿ?

ಇನ್ನೊಂದು ದೃಶ್ಯ. ಸೈಗೊ ಎಲ್ಲರ ಮಲದ ಬಕೆಟ್ ಖಾಲಿ ಮಾಡಲು ಗುಹೆಯಿಂದ ಹೊರಗೆ ಬರುತ್ತಾನೆ. ತಲೆ ಎತ್ತಿದರೆ ಸಮುದ್ರದ ತುಂಬ ಹಡಗು. ಆ ದೊಡ್ಡ ಸೇನೆಯನ್ನು ನಾವು ಮೊದಲು ನೋಡುವುದು ಬಕೆಟ್ ಹಿಡಿದವನ ಕಣ್ಣಿನಿಂದ. ದುರ್ಬೀನು ಹಿಡಿದ ಅಧಿಕಾರಿಯ ಕಣ್ಣಿನಿಂದ ತೋರಿಸಿದ್ದರೆ ನಾವು ಹಡಗು ಎಣಿಸುತ್ತಿದ್ದೆವು. ಇಲ್ಲಿ ಎಣಿಸುವ ಯೋಚನೆಯೇ ಬರುವುದಿಲ್ಲ. ಅಯ್ಯೋ, ಒಳಗೆ ಓಡು ಮಾರಾಯ ಅನ್ನಿಸುತ್ತದೆ, ಅಷ್ಟೇ.

ಸೈಗೊ ಕತೆಗಾರರು ಕಟ್ಟಿದ ಪಾತ್ರ. ಬೇಕರಿಯವನು. ಆ ಪಾತ್ರ ಮಾಡಿದ ಕಜುನಾರಿ ನಿನೊಮಿಯಾ ಜಪಾನಿನಲ್ಲಿ ಪಾಪ್ ಹಾಡುಗಾರನಾಗಿ ಹೆಸರಾದವನು. ಆ ಎಳಸು ಮುಖವೇ ಇಲ್ಲಿ ಕೆಲಸ ಮಾಡುತ್ತದೆ. ಅವನ ಅಂಗಡಿಯ ಕತೆ ಚಿಕ್ಕದು. ಮೊದಲು ಮಿಲಿಟರಿ ಪೊಲೀಸರು ಬಂದು ತಿಂಡಿ ಎತ್ತಿಕೊಂಡು ಹೋಗುತ್ತಾರೆ. ದೇಶಕ್ಕಾಗಿ. ಕೊನೆಗೆ ಅಂಗಡಿಯ ಕಬ್ಬಿಣದ ಸಲಕರಣೆಗಳನ್ನೂ ಒಯ್ಯುತ್ತಾರೆ. ಅದೂ ದೇಶಕ್ಕಾಗಿ. ಇನ್ನು ಉಳಿದದ್ದು ಅವನೊಬ್ಬನೇ. ಒಂದು ರಾತ್ರಿ ಬಾಗಿಲು ಬಡಿಯುತ್ತದೆ. ಕೇರಿಯ ಹೆಂಗಸರು ಬಂದು ತಲೆ ಬಾಗಿಸಿ, ಅಭಿನಂದನೆ, ನಿಮ್ಮ ಯಜಮಾನರಿಗೆ ಕರೆ ಬಂದಿದೆ ಅನ್ನುತ್ತಾರೆ. ಹನಾಕೊ ಬಸುರಿ. ಅವಳ ಮುಖ ನೋಡಿ. ಬಂದ ಹೆಂಗಸರ ಮುಖವನ್ನೂ ನೋಡಿ. ಅವರ ಮನೆಗಳಿಂದಲೂ ಗಂಡಸರು ಹೋಗಿದ್ದಾರೆ. ಇವರು ಮಾತ್ರ ಯಾಕೆ ಉಳಿಯಬೇಕು ಅನ್ನುವ ಹಾಗಿದೆ ಆ ಅಭಿನಂದನೆ. ಆ ರಾತ್ರಿ ಸೈಗೊ ಹೆಂಡತಿಯ ಹೊಟ್ಟೆಯ ಹತ್ತಿರ ಬಾಯಿಟ್ಟು, ಅಪ್ಪ ವಾಪಸ್ ಬರುತ್ತೇನೆ, ಯಾರಿಗೂ ಹೇಳಬೇಡ ಅಂತ ಪಿಸುಗುಟ್ಟುತ್ತಾನೆ. ಬದುಕಿ ಬರುತ್ತೇನೆ ಅನ್ನುವುದು ಅಲ್ಲಿ ಗುಟ್ಟಿನ ಮಾತು. ಜೋರಾಗಿ ಹೇಳುವ ಹಾಗಿಲ್ಲ.

ಈ ಸಿನಿಮಾದ ಜೀವ ಇರುವುದು ಅಲ್ಲಿ ಅಂತ ನನಗೆ ಅನ್ನಿಸುತ್ತದೆ. ಇವರ ಮುಂದೆ ಇಬ್ಬರು ಶತ್ರುಗಳು. ಒಬ್ಬ ಸಮುದ್ರದಿಂದ ಬರುತ್ತಾನೆ. ಇನ್ನೊಬ್ಬ ಪಕ್ಕದಲ್ಲೇ ಕೂತಿದ್ದಾನೆ, ನೀನು ಸರಿಯಾಗಿ ಸಾಯುತ್ತೀಯೋ ಇಲ್ಲವೋ ಅಂತ ನೋಡುತ್ತಿದ್ದಾನೆ.

ಸುರಿಬಾಚಿ ಗುಡ್ಡದೊಳಗಿನ ಆ ದೃಶ್ಯಕ್ಕೆ ಬರುತ್ತೇನೆ. ನಿನ್ನೆ ಒಬ್ಬಿಬ್ಬರು ಎದ್ದು ಹೊರಗೆ ಹೋದರು, ನಾನು ನೋಡಿದೆ. ತಪ್ಪೇನಿಲ್ಲ. ಉತ್ತರದ ಕಡೆಗೆ ಹಿಂದೆ ಸರಿದು ಉಳಿದವರ ಜೊತೆ ಸೇರಿಕೊಳ್ಳಿ ಅನ್ನುವುದು ಜನರಲ್ ಅಪ್ಪಣೆ. ಸೈಗೊ ಅದನ್ನು ಕಿವಿಯಾರೆ ಕೇಳಿದ್ದಾನೆ. ಕ್ಯಾಪ್ಟನ್‌ಗೆ ಅದು ಬೇಡ. ಗುಡ್ಡ ಕಳೆದುಕೊಂಡ ಮೇಲೆ ಸಾಯುವುದೇ ಮರ್ಯಾದೆ. ಒಬ್ಬೊಬ್ಬನೂ ಗ್ರೆನೇಡಿನ ಪಿನ್ ಕೀಳುತ್ತಾನೆ. ಹೆಲ್ಮೆಟ್ಟಿಗೆ ಟಕ್ ಅಂತ ಕುಟ್ಟುತ್ತಾನೆ. ಎದೆಗೆ ಒತ್ತಿಕೊಳ್ಳುತ್ತಾನೆ. ಅಳುತ್ತಾ. ಒಬ್ಬನಾದ ಮೇಲೆ ಒಬ್ಬ, ಸರದಿಯ ಪ್ರಕಾರ. ಆ ಟಕ್ ಅನ್ನುವ ಸದ್ದು ನನಗೆ ರಾತ್ರಿ ಮನೆಗೆ ಹೋದ ಮೇಲೂ ಕೇಳುತ್ತಿತ್ತು. ಈ ಸಿನಿಮಾ ನಾಲ್ಕು ಆಸ್ಕರ್‌ಗಳಿಗೆ ನಾಮನಿರ್ದೇಶನವಾಗಿತ್ತು, ಗೆದ್ದದ್ದು ಒಂದೇ, ಸೌಂಡ್ ಎಡಿಟಿಂಗ್. ಸರಿಯಾದದ್ದಕ್ಕೇ ಕೊಟ್ಟರು ಅನ್ನುತ್ತೇನೆ. ಗುಹೆಯಲ್ಲಿ ಕೂತವರಿಗೆ ಯುದ್ಧ ಕಾಣುವುದಿಲ್ಲ, ಕೇಳುತ್ತದೆ.

ಕೊನೆಗೆ ಅಲ್ಲಿ ಉಳಿಯುವವರು ಸೈಗೊ ಮತ್ತು ಶಿಮಿಜು. ಶಿಮಿಜು ಮಿಲಿಟರಿ ಪೊಲೀಸಿನಿಂದ ಬಂದವನು, ತಮ್ಮ ಮೇಲೆ ಕಣ್ಣಿಡಲು ಕಳಿಸಿದ್ದಾರೆ ಅಂತ ಎಲ್ಲರಿಗೂ ಅನುಮಾನ. ನಿಜ ಬೇರೆ. ಊರಲ್ಲಿ ಒಂದು ಮನೆಯ ನಾಯಿ ಬೊಗಳುತ್ತದೆ ಅಂತ ಮೇಲಧಿಕಾರಿ ಅದನ್ನು ಕೊಲ್ಲಲು ಹೇಳಿರುತ್ತಾನೆ. ಶಿಮಿಜು ನಾಯಿಯನ್ನು ಮನೆಯ ಹಿಂದೆ ಕರೆದುಕೊಂಡು ಹೋಗಿ ಗಾಳಿಯಲ್ಲಿ ಗುಂಡು ಹಾರಿಸುತ್ತಾನೆ. ಸದ್ದು ಮಾಡಿಸಬೇಡಿ ಅಂತ ಮನೆಯವರಿಗೆ ಹೇಳುತ್ತಾನೆ. ಅಷ್ಟರಲ್ಲಿ ಆ ಪೆದ್ದು ನಾಯಿ ಮತ್ತೆ ಬೊಗಳುತ್ತದೆ. ನಾಯಿಯೂ ಹೋಯಿತು, ಇವನ ಕೆಲಸವೂ ಹೋಯಿತು. ನಾಯಿ ಕೊಲ್ಲದ ತಪ್ಪಿಗೆ ಐವೊ ಜಿಮಾ!

ನಾಯಿಯ ಮಾತು ಬಂತು, ಓಕ್ಲಹೋಮದ ಸ್ಯಾಮ್‌ನ ಕಾಗದ ನೋಡೋಣ. ಗಾಯಗೊಂಡ ಅಮೆರಿಕದ ಹುಡುಗನನ್ನು ಗುಹೆಗೆ ಎಳೆದು ತರುತ್ತಾರೆ. ಅಲ್ಲಿ ಅಧಿಕಾರಿ ತಾಕೆಇಚಿ ನಿಶಿ. ಇವರು ನಿಜವಾಗಿ ಇದ್ದವರು. 1932ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಯುರೇನಸ್ ಅನ್ನುವ ಕುದುರೆ ಹತ್ತಿ ಜಿಗಿತದಲ್ಲಿ ಚಿನ್ನ ಗೆದ್ದವರು, ಹಾಲಿವುಡ್ ತಾರೆಯರ ಸ್ನೇಹ ಇದ್ದವರು. ತಮ್ಮವರಿಗೇ ಔಷಧಿ ಇಲ್ಲದಿದ್ದರೂ ಆ ಹುಡುಗನಿಗೆ ಮದ್ದು ಹಾಕಿಸುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. ಹುಡುಗ ಸಾಯುತ್ತಾನೆ. ಅವನ ಕೈಯಲ್ಲಿ ಅಮ್ಮನ ಕಾಗದ. ನಿಶಿ ಅದನ್ನು ಜಪಾನಿಗೆ ತಿರುಗಿಸಿ ಓದುತ್ತಾರೆ.

ಏನಿದೆ ಅದರಲ್ಲಿ? ನಾಯಿಗಳು ಬೇಲಿಯಡಿ ಗುಂಡಿ ತೋಡಿ ಆಚೆ ಹೋಗಿದ್ದವು, ಪಕ್ಕದ ಮನೆಯವರ ಹುಂಜಗಳು ಹೆದರಿ ಕಂಗಾಲಾದವು. ನಮ್ಮ ಚಿಂತೆ ಬಿಡು, ಹುಷಾರಾಗಿ ಬಾ. ಸರಿ ಅನ್ನಿಸಿದ್ದನ್ನು ಸರಿ ಅನ್ನುವ ಕಾರಣಕ್ಕೇ ಮಾಡು. ಇಷ್ಟೇ. ಕೂತಿದ್ದ ಸೈನಿಕರು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ. ಆಮೇಲೆ ಶಿಮಿಜು, ನನ್ನ ಅಮ್ಮನೂ ಹೀಗೇ ಬರೆದಿದ್ದಳು ಅನ್ನುತ್ತಾನೆ. ಎಲ್ಲರೂ ಹೊಗಳುವುದು ಆ ಬುದ್ಧಿಮಾತನ್ನು. ನನಗೆ ಹಿಡಿಸಿದ್ದು ಬೇಲಿಯಡಿಯ ಗುಂಡಿ. ಎಂಟು ತಿಂಗಳು ಗುಂಡಿ ತೋಡಿ ಕೈ ಬೊಬ್ಬೆ ಬಂದವರು, ಎಲ್ಲೋ ಒಂದು ನಾಯಿ ಸುಮ್ನೆ ಖುಷಿಗೆ ಗುಂಡಿ ತೋಡಿದ ಸುದ್ದಿ ಕೇಳುತ್ತಿದ್ದಾರೆ.

ಶಿಮಿಜು ಆಮೇಲೆ ಶರಣಾಗುತ್ತಾನೆ. ಕಾವಲಿಗಿದ್ದ ಅಮೆರಿಕದ ಸೈನಿಕರಿಗೆ ಅಲ್ಲಿ ಕೂತು ಕಾಯುವುದು ಬೇಜಾರು. ಅವನನ್ನೂ ಜೊತೆಗಿದ್ದ ಇನ್ನೊಬ್ಬನನ್ನೂ ಕೊಂದುಬಿಡುತ್ತಾರೆ. ಅತ್ತ, ವೀರಮರಣ ವೀರಮರಣ ಅಂತ ಎಲ್ಲರ ಜೀವ ತಿಂದ ಲೆಫ್ಟಿನೆಂಟ್ ಇತೊ, ಮೈಗೆ ಬಾಂಬ್ ಕಟ್ಟಿಕೊಂಡು ಹೆಣಗಳ ನಡುವೆ ಮಲಗಿ ಟ್ಯಾಂಕ್ ಬರಲಿ ಅಂತ ಕಾಯುತ್ತಾನೆ. ಟ್ಯಾಂಕ್ ಬರುವುದೇ ಇಲ್ಲ. ಕೊನೆಗೆ ಸೆರೆ ಸಿಕ್ಕು ಬದುಕುತ್ತಾನೆ. ಬದುಕಬೇಕು ಅಂದವನು ಸತ್ತ, ಸಾಯಬೇಕು ಅಂದವನು ಬದುಕಿದ. ಸಿನಿಮಾ ಇದಕ್ಕೆ ಏನೂ ಹೇಳುವುದಿಲ್ಲ, ಮುಂದೆ ಹೋಗುತ್ತದೆ.

ಈಗ ನನ್ನ ತಕರಾರು. ಈ ಸಿನಿಮಾದಲ್ಲಿ ನಮಗೆ ಇಷ್ಟವಾಗುವ ಜಪಾನಿ ಅಧಿಕಾರಿಗಳು ಯಾರು? ಕುರಿಬಾಯಾಶಿ ಮತ್ತು ನಿಶಿ. ಇಬ್ಬರೂ ಅಮೆರಿಕ ನೋಡಿದವರು. ಕುರಿಬಾಯಾಶಿ 1928ರಿಂದ ಎರಡು ವರ್ಷ ಅಲ್ಲಿದ್ದರು, ಷೆವರ್ಲೆ ಕಾರು ಕೊಂಡು ಊರೂರು ಸುತ್ತಿದ್ದರು. ಪುಟ್ಟ ಮಗ ತಾರೊಗೆ ಚಿತ್ರ ಬರೆದು ಕಾಗದ ಕಳಿಸುತ್ತಿದ್ದರು. ಈ ಸಿನಿಮಾಕ್ಕೆ ಬೀಜವೇ ಆ ಚಿತ್ರಪತ್ರಗಳು. ಅಮೆರಿಕದ ಜೊತೆ ಯುದ್ಧ ಬೇಡ ಅಂದಿದ್ದವರು ಅವರು. ಎಲ್ಲ ನಿಜ. ಆದರೆ ಅಮೆರಿಕ ನೋಡದ ಅಧಿಕಾರಿಗಳೆಲ್ಲ ಇಲ್ಲಿ ಕಿರುಚುವವರು, ಹೊಡೆಯುವವರು. ಇದು ಸ್ವಲ್ಪ ಸಲೀಸಾಯಿತು. ಹಾಗೇ, ದ್ವೀಪದಲ್ಲಿ ಕೂಲಿಗೆಂದು ತಂದ ಕೊರಿಯಾದವರೂ ಇದ್ದರು. ಸಲಿಕೆ ಹಿಡಿದ ಆ ಕೈಗಳಿಗೆ ಸಿನಿಮಾದಲ್ಲಿ ಜಾಗವಿಲ್ಲ. ಚೀನಾದಲ್ಲಿ ಇದೇ ಸೇನೆ ಮಾಡಿದ ಹತ್ಯಾಕಾಂಡದ ನೆರಳೂ ಇಲ್ಲಿ ಬೀಳುವುದಿಲ್ಲ. ಜಪಾನಿನ ನಿರ್ದೇಶಕರೇ ತಮ್ಮ ಸೈನಿಕರನ್ನು ಇದಕ್ಕಿಂತ ಕಟುವಾಗಿ ತೋರಿಸಿದ್ದಾರೆ. ಇಚಿಕಾವಾ ಕೊನ್ 1959ರಲ್ಲಿ ತೆಗೆದ 'ಫೈರ್ಸ್ ಆನ್ ದಿ ಪ್ಲೇನ್' ನೋಡಿದವರಿಗೆ ಗೊತ್ತು.

ನಿನ್ನೆ ಒಬ್ಬ ಹುಡುಗಿ ಕೇಳಿದಳು, ನಮಗೂ ಇದಕ್ಕೂ ಏನು ಸಂಬಂಧ ಅಂತ. ಒಂದಿದೆ. ಐವೊ ಜಿಮಾದಲ್ಲಿ ಜಪಾನಿನವರು ಕೊನೆಯ ಸುರಂಗ ತೋಡುತ್ತಿದ್ದ ಹೊತ್ತಿಗೆ, 1945ರ ಜನವರಿಯಲ್ಲಿ, ಬರ್ಮಾದ ಅರಾಕಾನ್ ಕರಾವಳಿಯ ಕಾಂಗಾವ್ ಎಂಬಲ್ಲಿ ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಜಪಾನೀಯರ ಎದುರು ಒಂದು ಬೆಟಾಲಿಯನ್ ನಡೆಸುತ್ತಿದ್ದರು. ಅವರ ಅಣ್ಣ ಪೊನ್ನಪ್ಪ ಸಿಂಗಪುರದಲ್ಲಿ ಸೆರೆಯಾಗಿ, ಆಮೇಲೆ ಜಪಾನೀಯರ ಜೊತೆಗಿದ್ದ ಆಜಾದ್ ಹಿಂದ್ ಫೌಜ್ ಸೇರಿದ್ದರು. ಒಂದೇ ಮನೆ, ಎರಡು ಕಡೆ. ಯುದ್ಧ ಮುಗಿದ ಮೇಲೆ ತಿಮ್ಮಯ್ಯನವರು ಭಾರತದ ಬ್ರಿಗೇಡ್ ತೆಗೆದುಕೊಂಡು ಸೋತ ಜಪಾನಿಗೇ ಹೋದರು. ಅದರ ಮೇಲೆ ಯಾರಾದರೂ ಕನ್ನಡದಲ್ಲಿ ಒಂದು ಸಿನಿಮಾ ಮಾಡಬಾರದಾ ಅಂತ ನನ್ನ ಹಳೆಯ ಆಸೆ. ಇರಲಿ.

ಅಂದಹಾಗೆ ಲೆಕ್ಕ ಕೇಳುವವರಿಗೆ: ನಿನ್ನೆ ನೋಡಿದ ಸಿನಿಮಾದ ಖರ್ಚು 1 ಕೋಟಿ 90 ಲಕ್ಷ ಡಾಲರ್. ಅಮೆರಿಕದಲ್ಲಿ ಅಷ್ಟು ಹುಟ್ಟಲಿಲ್ಲ. ಜಪಾನಿನಲ್ಲಿ ಗಳಿಕೆ 4 ಕೋಟಿ ಡಾಲರ್ ದಾಟಿತು.

ಕಾಗದಗಳ ವಿಷಯ ಹೇಳಿ ಮುಗಿಸುತ್ತೇನೆ. ಕುರಿಬಾಯಾಶಿ ದ್ವೀಪದಿಂದ ಹೆಂಡತಿಗೆ ನಿಜವಾಗಿ ಬರೆದ ಕಾಗದಗಳಲ್ಲಿ ಒಂದು ಅಡುಗೆಮನೆಯ ಮಾತು ಬರುತ್ತದೆ. ಅಡುಗೆಮನೆಯ ನೆಲದ ಸಂದಿಯಿಂದ ಚಳಿಗಾಳಿ ಬರುತ್ತಿತ್ತು, ಹೊರಡುವ ಮುಂಚೆ ಅದನ್ನು ಸರಿಮಾಡಿ ಬರಬೇಕಿತ್ತು ಅನ್ನುವ ಕೊರಗು. 21,000 ಜನರ ಸಾವಿನ ಲೆಕ್ಕ ತಲೆಯಲ್ಲಿಟ್ಟುಕೊಂಡವರು ನೆಲದ ಸಂದಿಯ ಬಗ್ಗೆ ಬರೆಯುತ್ತಾರೆ. ಕೊನೆಯ ತಂತಿಯಲ್ಲಿ ಕವಿತೆಯೂ ಇತ್ತು: ಗುಂಡು ಮುಗಿಯಿತು, ಸಾಯುವುದು ದುಃಖ ಅನ್ನುವ ಅರ್ಥದ್ದು. ಜನರಲ್ ದುಃಖ ಅನ್ನಬಹುದೇ? ಪತ್ರಿಕೆಯಲ್ಲಿ ಅಚ್ಚಾಗುವಾಗ ಆ ಪದ ತೆಗೆದು, ಸೋತದ್ದಕ್ಕೆ ಮನಸ್ಸು ಕುದಿಯುತ್ತದೆ ಅನ್ನುವ ಅರ್ಥದ ಬೇರೆ ಪದ ಹಾಕಿದರು.

ಸಿನಿಮಾದಲ್ಲಿ ಅವರು ಸೈಗೊನನ್ನು ಮೂರು ಸಲ ಉಳಿಸುತ್ತಾರೆ. ಮೂರನೆಯ ಸಲ, ಕೊನೆಯ ದಾಳಿಗೆ ಬರಬೇಡ, ಇಲ್ಲೇ ಇದ್ದು ಕಾಗದಪತ್ರ ಸುಟ್ಟುಹಾಕು ಅನ್ನುತ್ತಾರೆ. ಸೈಗೊ ದಾಖಲೆ ಸುಡುತ್ತಾನೆ, ಸೈನಿಕರ ಕಾಗದಗಳ ಚೀಲ ಕೈಗೆ ಬಂದಾಗ ಸುಡುವುದಿಲ್ಲ. ಸಲಿಕೆ ತೆಗೆದುಕೊಂಡು ಗುಹೆಯ ನೆಲದಲ್ಲಿ ಹೂಳುತ್ತಾನೆ. ಆಮೇಲೆ ಜನರಲ್‌ರನ್ನೂ ಅದೇ ಸಲಿಕೆಯ ಹುಡುಗನೇ ಮಣ್ಣು ಮಾಡಬೇಕಾಗುತ್ತದೆ. ಅವರ ಪಿಸ್ತೂಲು ಅಮೆರಿಕದ ಸೈನಿಕನೊಬ್ಬನ ಸೊಂಟದಲ್ಲಿ ಕಂಡಾಗ ಅವನು ಬಂದೂಕು ಹುಡುಕುವುದಿಲ್ಲ. ಸಲಿಕೆಯನ್ನೇ ಬೀಸುತ್ತಾನೆ, ಹುಚ್ಚನ ಹಾಗೆ. ಗೊಣಗುತ್ತ ಹಿಡಿದ ಸಾಮಾನು ಅಷ್ಟರಲ್ಲಿ ಅವನ ಕೈಯೇ ಆಗಿಬಿಟ್ಟಿರುತ್ತದೆ.

ಕಾಗದ ಹೂತದ್ದು ಕಟ್ಟುಕತೆ. ಕುರಿಬಾಯಾಶಿಯ ಕಾಗದಗಳು ಮನೆ ತಲುಪಿದ್ದವು, ಅದಕ್ಕೇ ನಮಗೆ ಅಡುಗೆಮನೆಯ ಸಂದಿ ಗೊತ್ತು. ಅವರ ದೇಹ ಮಾತ್ರ ಇಂಥದ್ದು ಅಂತ ಗುರುತಾಗಲೇ ಇಲ್ಲ. 1949ರ ಜನವರಿಯಲ್ಲಿ, ಅಂದರೆ ಯುದ್ಧ ಮುಗಿದು ಮೂರು ವರ್ಷ ದಾಟಿದ ಮೇಲೆ, ಅದೇ ಸುರಂಗಗಳಲ್ಲಿ ಅಡಗಿದ್ದ ಇಬ್ಬರು ಸೈನಿಕರು ಹೊರಗೆ ಬಂದು ಶರಣಾದರು. ದ್ವೀಪ 1968ರಲ್ಲಿ ಜಪಾನಿಗೆ ವಾಪಸ್ ಬಂತು. 1944ರಲ್ಲಿ ಖಾಲಿ ಮಾಡಿಸಿದ ಸಾವಿರದಷ್ಟು ಊರವರಿಗೆ ಇವತ್ತಿಗೂ ಅಲ್ಲಿ ಹೋಗಿ ನೆಲೆಸಲು ಬಿಟ್ಟಿಲ್ಲ. ಈಗ ಅಲ್ಲಿರುವುದು ಜಪಾನಿನ ಸೇನಾನೆಲೆ. ಹತ್ತು ಸಾವಿರಕ್ಕೂ ಜಾಸ್ತಿ ಜನರ ಮೂಳೆ ಇನ್ನೂ ಆ ನೆಲದಡಿ ಇದೆ, ವಿಮಾನ ಇಳಿಯುವ ರನ್‌ವೇ ಕೆಳಗೂ ಇದೆ ಅನ್ನುತ್ತಾರೆ. ಅದನ್ನು ಹುಡುಕಲು ಜಪಾನಿನಿಂದ ತಂಡಗಳು ಹೋಗುತ್ತಲೇ ಇವೆ. ಸತ್ತವರ ಮಕ್ಕಳು, ಮೊಮ್ಮಕ್ಕಳೂ ಹೋಗುತ್ತಾರೆ. ಒಳಗೆ ಈಗಲೂ ಅದೇ ಬಿಸಿ. ಸರದಿಯ ಮೇಲೆ ಇಳಿದು, ಸ್ವಲ್ಪ ಹೊತ್ತು ಅಗೆದು, ಮೇಲೆ ಬಂದು ನೀರು ಕುಡಿದು, ಮತ್ತೆ ಇಳಿಯುತ್ತಾರೆ.